ಊರಿಗೆಲ್ಲ ವೀರರನ್ನು ಹಂಚಿದ ಮೇಷ್ಟ್ರು

ಮುನಿಶಾಮಪ್ಪ ಮೇಷ್ಟ್ರಿಗೆ ಯಾರ ಮೇಲಾದರೂ ಸಿಟ್ಟು ಬಂದರೆ ಅವರು ಬಾಯಲ್ಲಿ ಬೈಯುತ್ತಿರಲಿಲ್ಲ. ಹಾರ್ಮೋನಿಯಂನ ಶ್ರುತಿಯನ್ನು ಸದ್ದಿಲ್ಲದೆ ಮೇಲಕ್ಕೇರಿಸಿಬಿಡುತ್ತಿದ್ದರು. ವೇದಿಕೆಯ ಮೇಲೆ ಕಿರೀಟ ಹೊತ್ತು ನಿಂತವನ ಕತ್ತಿನ ನರಗಳು ಉಬ್ಬಿ, ಕಣ್ಣುಗುಡ್ಡೆ ಹೊರಬಂದು, ಪಲ್ಲವಿ ಮುಗಿಯುವಷ್ಟರಲ್ಲಿ ಅವನ ಗಂಟಲಿನಿಂದ ಕೋಳಿಮರಿಯ ಸ್ವರ ಹೊರಡುತ್ತಿತ್ತು. ಮೇಷ್ಟ್ರು ಮಾತ್ರ ಕಣ್ಣು ಮುಚ್ಚಿ, ತಲೆದೂಗುತ್ತಾ, ಭಕ್ತಿಯಲ್ಲಿ ಮುಳುಗಿದವರಂತೆ ತಿದಿ ಒತ್ತುತ್ತಿದ್ದರು. ತಾಲೀಮಿಗೆ ಚಕ್ಕರ್ ಹೊಡೆದವನು, ಟೀ ತರಿಸಿ ತಾನೊಬ್ಬನೇ ಕುಡಿದವನು, ತಬಲಾ ನುಡಿಸುವ ಖಾದರ್ ಸಾಬರನ್ನು ಏಕವಚನದಲ್ಲಿ ಕರೆದವನು, ಎಲ್ಲರಿಗೂ ಇದೊಂದೇ ಶಿಕ್ಷೆ. ಆಮೇಲೆ ಯಾರಾದರೂ ಜಗಳಕ್ಕೆ ಬಂದರೆ, "ಏನಪ್ಪಾ ಮಾಡ್ಲಿ, ನಿನ್ ಗಂಟ್ಲು ನೋಡಿ ಪೆಟ್ಟಿಗೇನೇ ಎದ್ರಕೊಂಡು ಮ್ಯಾಲಕ್ ಓಯ್ತು" ಎನ್ನುತ್ತಿದ್ದರು.

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ, ಡ್ರಾಮಾ ಮೇಷ್ಟ್ರು. ಯಲಹಂಕದಿಂದ ರಾಜಾನುಕುಂಟೆಯವರೆಗೆ, ಅದರಾಚೆಯ ಹಳ್ಳಿಗಳಲ್ಲೂ ಪೌರಾಣಿಕ ನಾಟಕ ಕಲಿಸಿ ಹೊಟ್ಟೆ ಹೊರೆದವರು. ಮೀಸೆಗೆ ಬಣ್ಣ ಹಚ್ಚುತ್ತಿದ್ದರು, ತಲೆಗೆ ಹಚ್ಚುತ್ತಿರಲಿಲ್ಲ; ಯಾಕೆಂದು ಕೇಳಿದರೆ ತಲೆಯ ಮೇಲೆ ಟೋಪಿ ಕೂರುತ್ತದೆ, ಮೀಸೆಯ ಮೇಲೆ ಏನು ಕೂರುತ್ತದೆ ಎಂದು ತಿರುಗಿ ಕೇಳುತ್ತಿದ್ದರು. ಶಾಲು ಹೊದಿಸುತ್ತೇವೆಂದರೆ ಹೆಬ್ಬಾಳದ ಟ್ರಾಫಿಕ್ಕನ್ನೂ ಲೆಕ್ಕಿಸದೆ ಎರಡು ಬಸ್ಸು ಬದಲಿಸಿ ಹೋಗುವ ಚಪಲವೂ ಇತ್ತು.

ನಮ್ಮ ಕಡೆಯ ನಾಟಕದ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಇಲ್ಲಿ ನಟನಿಗೆ ಯಾರೂ ದುಡ್ಡು ಕೊಡುವುದಿಲ್ಲ. ನಟನೇ ದುಡ್ಡು ಕೊಟ್ಟು ಪಾತ್ರ ಕೊಳ್ಳುತ್ತಾನೆ. ದುರ್ಯೋಧನ ಎಲ್ಲರಿಗಿಂತ ದುಬಾರಿ. ಕೃಷ್ಣನೂ ಕಡಿಮೆಯೇನಲ್ಲ. ಧರ್ಮರಾಯನಿಗೆ ಗಿರಾಕಿ ಕಡಿಮೆ, ಸತ್ಯ ಹೇಳುವವನಿಗೆ ಚಪ್ಪಾಳೆ ಬೀಳುವುದಿಲ್ಲವಲ್ಲ. ಗಂಟಲಿಗೂ ಪಾತ್ರಕ್ಕೂ ಸಂಬಂಧವಿರಬೇಕೆಂಬ ನಿಯಮವೇನೂ ಇಲ್ಲ. ಹಾಗಾಗಿ ಎರಡು ಸೈಟು ಮಾರಿದವನು ಆ ವರ್ಷ ಗದೆ ಹಿಡಿಯುತ್ತಾನೆ, ಹೆಂಡತಿ ಮಕ್ಕಳು ನೆಂಟರು ಮುಂದಿನ ಸಾಲಿನಲ್ಲಿ ಕೂತು ಹಾರ ಹಾಕುತ್ತಾರೆ, ಊರು ಹಬ್ಬ ಮಾಡುತ್ತದೆ.

ಇಂಥ ಮೇಷ್ಟ್ರು ತಾವೇ ಒಂದು ನಾಟಕ ಕಟ್ಟಿದ್ದರು, ನಮ್ಮೂರಿನ ದಂಗೆಯದು. ಅಲ್ಲಾಳಸಂದ್ರದಾಚೆ ಈಗ ಬಡಾವಣೆಗಳ ನಡುವೆ ಹುದುಗಿಹೋಗಿರುವ ನಮ್ಮ ಹಳ್ಳಿ, ಹತ್ತೊಂಬತ್ತನೆಯ ಶತಮಾನದಲ್ಲಿ ಒಮ್ಮೆ ಬ್ರಿಟಿಷರ ಕಂದಾಯದ ವಿರುದ್ಧ ಎದ್ದಿತ್ತಂತೆ. ಪುಸ್ತಕದಲ್ಲಿ ಇಲ್ಲ, ಮೇಷ್ಟ್ರ ಅಜ್ಜಿಯ ಬಾಯಲ್ಲಿತ್ತು. ಕಂದಾಯ ಕಟ್ಟಲಾಗದವರನ್ನು ತಲೆಯ ಮೇಲೆ ಕಲ್ಲು ಹೊರಿಸಿ ಬಿಸಿಲಲ್ಲಿ ನಿಲ್ಲಿಸುತ್ತಿದ್ದರು. ತಾಳಲಾರದೆ ಕೆರೆ ಏರಿಯ ಮೇಲೆ ಜನ ಕೂಟ ಸೇರಿದರು. ಕುಂಬಾರರು, ಕುರುಬರು, ಬೆಸ್ತರು, ಊರು ಕಾಯುವ ತೋಟಿಗಳು, ಸೈನ್ಯದ ಕೆಲಸ ಕಳೆದುಕೊಂಡು ಕುದುರೆ ಸಾಕಿಕೊಂಡಿದ್ದ ಸಾಬರು. ಕಚೇರಿಗೆ ಬೆಂಕಿ ಇಟ್ಟರು. ಆಮೇಲೆ ಸವಾರರು ಬಂದು, ಯಾರೋ ಕೊಟ್ಟ ಹೆಸರುಗಳನ್ನು ಹಿಡಿದು ಮನೆಮನೆ ನುಗ್ಗಿ, ಸಿಕ್ಕವರನ್ನು ಏರಿಯ ಹುಣಸೇಮರಕ್ಕೆ ನೇಣು ಹಾಕಿದರು. ನೇತಾಡಿದವರಲ್ಲಿ ಎಲ್ಲ ಕೇರಿಯವರೂ ಇದ್ದರು, ಸಾಬರೂ ಇದ್ದರು. ಈಗ ಆ ಜಾಗದಲ್ಲಿ ವಾಕಿಂಗ್ ಮಾಡುವವರು ಚಪ್ಪಾಳೆ ತಟ್ಟುತ್ತಾ ಹಿಂದುಹಿಂದಕ್ಕೆ ನಡೆಯುತ್ತಾರೆ.

ಪ್ರತಿ ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಈ ನಾಟಕ. ಬ್ಯಾಂಕಿನ ಕೌಂಟರಿನಲ್ಲಿ ಕೂರುವ ನಾನು ಅದರಲ್ಲಿ ಖಾಯಂ ಬ್ರಿಟಿಷ್ ಅಧಿಕಾರಿ. ಮೈಬಣ್ಣದಿಂದ ಅಲ್ಲ, ಆ ಪಾತ್ರಕ್ಕೆ ಯಾರೂ ದುಡ್ಡು ಕೊಡುತ್ತಿರಲಿಲ್ಲ, ಪುಕ್ಕಟೆ ಸಿಕ್ಕಿದವನು ನಾನು. ಮೇಷ್ಟ್ರು ನನ್ನ ಮುಖಕ್ಕೆ ಪೌಡರು ಬಳಿದು, "ನೀನು ಬ್ಯಾಂಕ್‌ನಲ್ಲಿ ಜನುಕ್ಕೆ ನಾಳೆ ಬಾ ಅಂತೀಯಲ್ಲ, ಅಂಗೇ ಏಳು. ಅದೇ ಬ್ರಿಟಿಷ್ ಗತ್ತು" ಎಂದು ಅಭಿನಯ ಕಲಿಸಿದ್ದರು.

ಸವಾರರಿಗೆ ಹೆಸರು ಕೊಟ್ಟು ಊರವರನ್ನು ಹಿಡಿದುಕೊಟ್ಟವನ ಪಾತ್ರಕ್ಕೂ ಗಿರಾಕಿ ಇರಲಿಲ್ಲ. ಅದಕ್ಕೆ ಮೇಷ್ಟ್ರು ಮಾಡಿದ ಏರ್ಪಾಟು ಬಲು ಚೆನ್ನಾಗಿತ್ತು. ಅವನು ತಲೆಯಿಂದ ಕಾಲಿನವರೆಗೆ ಕರಿ ಕಂಬಳಿ ಮುಸುಕು ಹಾಕಿಕೊಂಡು ಬರುತ್ತಿದ್ದ. ಮುಖ ಕಾಣುತ್ತಿರಲಿಲ್ಲ, ಜಾತಿ ಕುಲ ಗೊತ್ತಾಗುತ್ತಿರಲಿಲ್ಲ. ಅಧಿಕಾರಿಯ ಕಿವಿಯಲ್ಲಿ ಏನೋ ಪಿಸುಗುಟ್ಟಿ ಹೋಗುತ್ತಿದ್ದ, ಅಷ್ಟೇ. ಆ ಹೊತ್ತಿಗೆ ಕೈಗೆ ಸಿಕ್ಕವರ ಮೇಲೆ ಕಂಬಳಿ ಹಾಕಿ ತಳ್ಳುತ್ತಿದ್ದರು. ಒಂದು ವರ್ಷ ಮೈಕ್‌ಸೆಟ್ಟಿನವನು ಬಂದು, ಊರನ್ನೇ ನಡುಗಿಸುವ ಆ ಘಳಿಗೆಯಲ್ಲಿ ನನ್ನ ಕಿವಿಯಲ್ಲಿ "ಸಾರ್, ಊಟಕ್ಕೆ ಬಿರಿಯಾನಿನಾ, ಬಿಸಿಬೇಳೆನಾ?" ಎಂದು ಕೇಳಿದ್ದ. ನಾನು ಬ್ರಿಟಿಷ್ ಗಾಂಭೀರ್ಯದಿಂದ ತಲೆಯಾಡಿಸಿದ್ದೆ.

ಬಡಾವಣೆ ಬೆಳೆದಂತೆ ದಂಗೆಯೂ ಬೆಳೆಯಿತು. ಊರಿನಲ್ಲಿ ಸಂಘಗಳು ಹುಟ್ಟಿದವು. ಪ್ರತಿ ಸಂಘಕ್ಕೂ ಒಬ್ಬ ಅಧ್ಯಕ್ಷ, ಒಂದು ಫ್ಲೆಕ್ಸು, ಫ್ಲೆಕ್ಸಿಗೆ ಹಾಕಲು ಒಬ್ಬ ಪೂರ್ವಜ ವೀರ ಬೇಕು. ಒಬ್ಬೊಬ್ಬರಾಗಿ ಮೇಷ್ಟ್ರ ಮನೆಗೆ ಬಂದರು. "ಮೇಷ್ಟ್ರೇ, ದಂಗೆನಲ್ಲಿ ನಮ್ಮೋರು ಇರ್ಲಿಲ್ವಾ?" ಎಂದು ಒಬ್ಬರು. "ಇದ್ರಪ್ಪ, ಮುಂದ್ಗಡೇನೇ ಇದ್ರು" ಎಂದು ಮೇಷ್ಟ್ರು. ಮುಂದಿನ ನವೆಂಬರಿನಲ್ಲಿ ಅವರಿಗೊಬ್ಬ ಕತ್ತಿ ಹಿಡಿದ ವೀರ ಸೇರುತ್ತಿದ್ದ. ಶಾನುಭೋಗರ ವಂಶದವರು ಬಂದರು. ಕಂದಾಯ ಬರೆದುಕೊಳ್ಳುತ್ತಿದ್ದ ಶಾನುಭೋಗನೇ ಕಂದಾಯದ ವಿರುದ್ಧ ಸಿಡಿದೆದ್ದ. ಲೇವಾದೇವಿಯವರ ಮೊಮ್ಮಕ್ಕಳು ಬಂದರು. ಬಡ್ಡಿ ಸಾಹುಕಾರ ಒಡವೆಯನ್ನೆಲ್ಲ ದಂಗೆಗೆ ಧಾರೆಯೆರೆದ. ಕೊನೆಗೆ ಕೆಂಪಾಪುರದ ಕಡೆಯ ಅಪಾರ್ಟ್‌ಮೆಂಟಿನಿಂದ ಒಬ್ಬ ಉತ್ಸಾಹಿ ಬಂದು, ತಮ್ಮವರು ಈ ರಾಜ್ಯಕ್ಕೆ ಬಂದದ್ದೇ ಮೊನ್ನೆ, ಆದರೂ ಏನಾದರೂ ಅವಕಾಶವಿದೆಯೇ ಎಂದು ವಿನಯದಿಂದ ಕೇಳಿದ. ಮೇಷ್ಟ್ರು ನಶ್ಯ ಏರಿಸಿ, ಸ್ವಲ್ಪ ಯೋಚಿಸಿ, ತೀರ್ಥಯಾತ್ರೆಗೆ ಹೊರಟವನೊಬ್ಬ ದಾರಿಯಲ್ಲಿ ದಂಗೆ ಕಂಡು ಕತ್ತಿ ಎತ್ತಿದ ದೃಶ್ಯವನ್ನು ಹೊಸದಾಗಿ ಹೆಣೆದರು.

ಹೀಗೆ ವೇದಿಕೆಯ ಒಂದು ಕಡೆ ಕತ್ತಿ ಹಿಡಿದ ವೀರರು ಕಾಲಿಡಲು ಜಾಗವಿಲ್ಲದೆ ಮೆಟ್ಟಿಲವರೆಗೂ ನಿಲ್ಲುವಂತಾಯಿತು. ಇನ್ನೊಂದು ಕಡೆ ಇಡೀ ಬ್ರಿಟಿಷ್ ಸಾಮ್ರಾಜ್ಯ ಎಂದರೆ ನಾನೊಬ್ಬನೇ. ಒಂದು ತಾಲೀಮಿನಲ್ಲಿ ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿ ಎಲ್ಲರನ್ನೂ ನೋಡಿದರು.

"ಅಲ್ರಪ್ಪಾ, ಊರಿಗ್ ಊರೇ ದಂಗೆ ಎದ್ದಿದ್ರೆ ಸೋತಿದ್ದು ಯಾಕೆ? ಈ ಬ್ಯಾಂಕ್‌ನೋನು ಒಬ್ನೇ ಇಷ್ಟೂ ಜನುನ್ನ ನೇಣ್ ಆಕ್ಬುಟ್ನಾ?"

ಎಲ್ಲರೂ ನಕ್ಕರು. ಅದು ತಮಾಷೆಯೆಂದೇ ಅವರು ತಿಳಿದಿದ್ದರು.

ಇಷ್ಟು ದಿನ ಸುಮ್ಮನಿದ್ದ ಪಟೇಲರ ಮನೆಯ ಜಯರಾಮಣ್ಣ ಆ ವರ್ಷ ಬಂದ. ಜಮೀನು ಬಡಾವಣೆಯಾಗಿ ಕೈ ತುಂಬಿತ್ತು, ಚುನಾವಣೆಗೆ ನಿಲ್ಲುವ ಆಸೆ ತಲೆಗೇರಿತ್ತು. ದಂಗೆಯ ನಾಯಕನ ಪಾತ್ರ ತನಗೇ ಬೇಕೆಂದ. ಅಜ್ಜಿಯ ಕತೆಯಲ್ಲಿ ಆಗಿನ ಪಟೇಲ ಕೂಟಕ್ಕೆ ಬಂದವನೇ ಅಲ್ಲ, ಹೊಟ್ಟೆನೋವೆಂದು ಮಲಗಿದ್ದವನು. ಆದರೂ ದುಡ್ಡು ಕೊಟ್ಟವನಿಗೆ ಪಾತ್ರ, ಪದ್ಧತಿ ಪದ್ಧತಿಯೇ. ಮೇಷ್ಟ್ರು ಒಪ್ಪಿಕೊಂಡರು. ತಕರಾರು ಬಂದದ್ದು ಅವನ ಎರಡನೆಯ ಬೇಡಿಕೆಯಿಂದ.

"ಮೇಷ್ಟ್ರೇ, ಈ ಕಂಬಳಿ ಸೀನ್ ಇದ್ಯಲ್ಲ, ಅದ್ರಲ್ಲಿ ಜನಕ್ಕೆ ಕ್ಲಾರಿಟಿ ಇಲ್ಲ. ದ್ರೋಹಿ ಯಾರು ಅಂತ ಗೊತ್ತಾಗ್ಬೇಕು ತಾನೆ? ಕಂಬಳಿ ತೆಗ್ದಾಕಿ. ಒಂದ್ ಬಿಳಿ ಟೋಪಿ ಹಾಕ್ಸಿ, ಸಿಂಪಲ್. ಹಳ್ಳೀಲಿ ಯಾವ ಜಾತಿಯೋರ್ನ ತೋರ್ಸಿದ್ರೂ ಓಟು ಒಡೆಯತ್ತೆ. ಇದಾದ್ರೆ ಯಾರಿಗೂ ಬೇಜಾರಾಗಲ್ಲ."

ಖಾದರ್ ಸಾಬರು ಅಲ್ಲೇ ಕೂತು ಸುತ್ತಿಗೆಯಿಂದ ತಬಲಾ ಶ್ರುತಿ ಮಾಡುತ್ತಿದ್ದರು. ಸುತ್ತಿಗೆ ನಿಂತಿತು. ಮೇಷ್ಟ್ರ ಪೆಟ್ಟಿಗೆಗೆ ಆಯುಷ್ಯವೆಲ್ಲ ಜೊತೆ ನುಡಿಸಿದ ಮನುಷ್ಯ; ಹಗಲು ಬಟ್ಟೆ ಹೊಲಿಯುವ ಅಂಗಡಿ, ಸಂಜೆ ತಬಲಾ. ಅವರ ಮಗಳು ನಮ್ಮೂರ ಶಾಲೆಯಲ್ಲೇ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ನಾಟಕ ನೋಡಿದ ಮಕ್ಕಳು ಮರುದಿನ ಅವಳನ್ನು ಏನು ಕೇಳುತ್ತಾರೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಜಯರಾಮಣ್ಣನಿಗೂ ಸ್ವಲ್ಪ ಮುಜುಗರವಾಗಿರಬೇಕು. "ನಿಮಗಲ್ಲ ಸಾಬ್ರೇ ಹೇಳಿದ್ದು. ನೀವು ನಮ್ಮೋರು. ಇದು ನಾಟಕ ಅಷ್ಟೇ" ಎಂದ.

"ಗೊತ್ತು ಸಾರ್" ಎಂದರು ಖಾದರ್ ಸಾಬರು. "ನಾಟಕ ಮುಗಿದ್ಮೇಲೆ ನೀವು ಟೋಪಿ ಬಿಚ್ಚಿಸ್ತೀರಿ. ನಾವು ಅದನ್ನ ಹಾಕ್ಕೊಂಡೇ ಇದೇ ಬೀದಿಲಿ ಇರ್ಬೇಕಲ್ಲ, ಅದಕ್ಕೆ ಯೋಚ್ನೆ."

ಮೇಷ್ಟ್ರು ಏನಾದರೂ ಹೇಳುತ್ತಾರೆಂದು ನಾನು ಕಾದೆ. ಅವರು ನಶ್ಯದ ಡಬ್ಬಿ ಮುಚ್ಚಿ, "ಆಯ್ತು ಜಯರಾಮಣ್ಣ. ನಾಯಕ ನೀನು. ನೀನ್ ಏಳ್ದಂಗೇ ಆಗ್ಲಿ" ಎಂದುಬಿಟ್ಟರು. ನನಗೆ ಅಸಹ್ಯವಾಯಿತು. ಒಂದು ಶಾಲಿನ ಆಸೆಗೆ ಈ ಮುದುಕ ಯಾವ ಮಟ್ಟಕ್ಕಾದರೂ ಇಳಿಯುತ್ತಾನೆ ಅಂದುಕೊಂಡೆ. ಖಾದರ್ ಸಾಬರು ತಬಲಾ ಚೀಲಕ್ಕೆ ತುಂಬಿ ಎದ್ದರು. ಮೇಷ್ಟ್ರು ಬಾಗಿಲವರೆಗೆ ಹಿಂದೆ ಹೋಗಿ, "ಸಾಬ್ರೇ, ಆವತ್ತು ನೀವು ಬಂದು ಬಾರ್ಸುಬುಡಿ ಸಾಕು. ಮಿಕ್ಕಿದ್ದು ನಂಗ್ ಬುಡಿ" ಎಂದರು. ಅವರು ಚೀಲ ಹೆಗಲಿಗೇರಿಸಿ ಹೊರಟುಹೋದರು. ಆದರೆ ನಾಟಕದ ದಿನ ಬಂದರು.

ಈಗ ಜಯರಾಮಣ್ಣನ ಅಭಿನಯದ ಬಗ್ಗೆ. ಅವನು ಒಂದು ಸಾಲನ್ನೂ ಬಾಯಿಪಾಠ ಮಾಡಿರಲಿಲ್ಲ. ದೊಡ್ಡ ಪಾತ್ರ ಕೊಂಡವರು ಮಾಡುವುದೂ ಇಲ್ಲ. ಮೇಷ್ಟ್ರು ಹಾರ್ಮೋನಿಯಂ ಹಿಂದೆ ಕೂತು ಮೆಲುದನಿಯಲ್ಲಿ ಮಾತು ಕೊಡುತ್ತಾರೆ, ನಟ ಅದನ್ನೇ ಗುಡುಗಿನ ದನಿಯಲ್ಲಿ ಹೇಳುತ್ತಾನೆ. ನಟನಿಗೆ ಅರ್ಥವಾಗಬೇಕೆಂದೇನೂ ಇಲ್ಲ. ಕೈ ಮೀಸೆಯ ಮೇಲಿರಬೇಕು, ಕಣ್ಣು ಮುಂದಿನ ಸಾಲಿನ ಮೊಬೈಲುಗಳ ಮೇಲಿರಬೇಕು, ಕಿವಿ ಮಾತ್ರ ಮೇಷ್ಟ್ರ ಕಡೆ. ಜಯರಾಮಣ್ಣ ಈ ಮೂರನ್ನೂ ಚೆನ್ನಾಗಿ ಕಲಿತಿದ್ದ.

ನಾಟಕದ ಸಂಜೆ ಮೈದಾನ ತುಂಬಿತ್ತು. ಎಲ್ಲ ಸಂಘಗಳ ಫ್ಲೆಕ್ಸುಗಳು, ಎಲ್ಲ ವೀರರ ಹೆಂಡಂದಿರು. ಜಯರಾಮಣ್ಣನ ಹುಡುಗರು ಜೆಸಿಬಿಯಲ್ಲಿ ಹಾರ ಕಟ್ಟಿಕೊಂಡು, ಅಣ್ಣ ಗುಡುಗಿದ ತಕ್ಷಣ ಪಟಾಕಿ ಹಚ್ಚಬೇಕೆಂದು ಕಡ್ಡಿಪೆಟ್ಟಿಗೆ ಹಿಡಿದು ನಿಂತಿದ್ದರು. ಪರದೆಯ ಮರೆಯಲ್ಲಿ ಅವನ ಅಕ್ಕನ ಮಗ ಬಿಳಿ ಟೋಪಿ ಹಾಕಿಕೊಂಡು, ತನ್ನನ್ನು ಕರೆಯುವುದನ್ನೇ ಕಾಯುತ್ತಿದ್ದ. ಖಾದರ್ ಸಾಬರು ತಲೆ ತಗ್ಗಿಸಿಕೊಂಡು ನುಡಿಸುತ್ತಿದ್ದರು.

ನಾಯಕನನ್ನು ಹಿಡಿದು ನನ್ನ ಮುಂದೆ ತಂದು ನಿಲ್ಲಿಸಿದರು. ನಾನು ಕೌಂಟರಿನ ದನಿಯಲ್ಲಿ, "ಕೂಟದವರ ಹೆಸರು ಹೇಳು" ಎಂದೆ. ಅವನು "ಪ್ರಾಣ ಹೋದರೂ ಹೇಳೆನು" ಎನ್ನಬೇಕು, ಅದರ ಮೇಲೆ ಟೋಪಿಯವನು ಬರಬೇಕು. ಹಾರ್ಮೋನಿಯಂ ಹಿಂದಿನಿಂದ ಮೇಷ್ಟ್ರ ಪಿಸುದನಿ ನನಗೆ ಸ್ಪಷ್ಟವಾಗಿ ಕೇಳಿತು. ಅದು ಆ ಮಾತಲ್ಲ.

"ಹೇಳುತ್ತೇನೆ ದೊರೆಯೇ!" ಎಂದು ಜಯರಾಮಣ್ಣ ಮೀಸೆ ತಿರುವಿ ಗುಡುಗಿದ.

ನಾನು ಮೇಷ್ಟ್ರ ಕಡೆ ತಿರುಗಿದೆ. ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ಮುಂದಿನ ಮಾತು ಕೊಟ್ಟರು, ಅವನು ಮತ್ತೆ ಗುಡುಗಿದ.

"ಒಬ್ಬೊಬ್ಬರ ಹೆಸರನ್ನೂ ಹೇಳುತ್ತೇನೆ! ನನ್ನ ಪಟೇಲಿಕೆಯೊಂದನ್ನು ಉಳಿಸಿಕೊಡಿ! ಕುಂಬಾರರ ಕೇರಿ ತೋರಿಸುತ್ತೇನೆ, ಕುರುಬರ ಹಟ್ಟಿ ತೋರಿಸುತ್ತೇನೆ, ಸಾಬರ ಲಾಯ ತೋರಿಸುತ್ತೇನೆ!"

ಅಷ್ಟು ಚೆನ್ನಾಗಿ ಅವನು ಯಾವ ಮಾತನ್ನೂ ಹೇಳಿರಲಿಲ್ಲ. ಹಿಂದಿನ ಸಾಲಿನ ಒಬ್ಬ ಮುದುಕಿ, "ಅಯ್ಯೋ ನನ್ನಪ್ಪಾ, ತಾನಾಗೇ ಒಪ್ಕೊಂಡ್ಬುಟ್ಟ!" ಎಂದು ಕೂಗಿದಳು. ಅವಳ ಮಾತು ಮುಗಿಯುವಷ್ಟರಲ್ಲಿ ಹುಡುಗರು ಪಟಾಕಿ ಹಚ್ಚಿದರು. ಅಣ್ಣ ಗುಡುಗಿದ್ದು ಅವರಿಗೆ ಕೇಳಿತ್ತು, ಏನೆಂದು ಗುಡುಗಿದ ಎಂಬುದು ಅವರ ಕೆಲಸವಲ್ಲ. ಜೆಸಿಬಿ ಹಾರವನ್ನೆತ್ತಿ ತಂದು, ಊರನ್ನು ಹಿಡಿದುಕೊಟ್ಟ ನಾಯಕನ ಕೊರಳಿಗೆ ಇಳಿಸಿತು. ಜಯರಾಮಣ್ಣ ಹಾರದ ಮಧ್ಯೆ ನಿಂತು ಎಲ್ಲ ಕಡೆಗೂ ಕೈಮುಗಿದ. ಪರದೆಯ ಮರೆಯ ಟೋಪಿ ಹೊರಗೆ ಬರಲೇ ಇಲ್ಲ. ಮೇಷ್ಟ್ರು ಮಂಗಳ ಹಾಡಿಬಿಟ್ಟರು. ತಲೆಯೆತ್ತಿ ನುಡಿಸುತ್ತಿದ್ದ ಖಾದರ್ ಸಾಬರ ತಾಳ ಅಂದು ನಗುವಿನಲ್ಲಿ ತಪ್ಪಿತು. ನನಗೆ ಮೇಷ್ಟ್ರ ಕಾಲಿಗೆ ಬೀಳಬೇಕೆನಿಸಿತು. ಬೀಳಲಿಲ್ಲ, ಪೌಡರು ಒರೆಸಿಕೊಂಡು ಮನೆಗೆ ಹೋದೆ.

ಜಯರಾಮಣ್ಣನಿಗೆ ತಾನು ಹೇಳಿದ್ದೇನೆಂದು ಗೊತ್ತಾದದ್ದು ಮರುದಿನ, ವಾಟ್ಸಾಪಿನಲ್ಲಿ. ಅವನು ಕೂಗಾಡಲಿಲ್ಲ, ಯಾರನ್ನೂ ಕಳಿಸಿ ಹೊಡೆಸಲಿಲ್ಲ. ಚುನಾವಣೆಗೆ ನಿಲ್ಲುವವನು ಹಾಗೆಲ್ಲ ಮಾಡುವುದಿಲ್ಲ. ಆದರೆ ಮುಂದಿನ ನವೆಂಬರಿನಲ್ಲಿ ಆರ್ಕೆಸ್ಟ್ರಾ ಬಂತು. ಅದರ ಮುಂದಿನ ವರ್ಷವೂ ಆರ್ಕೆಸ್ಟ್ರಾ. ಮೇಷ್ಟ್ರನ್ನು ಯಾಕೆ ಕರೆಯಲಿಲ್ಲವೆಂದು ನಾನು ಒಬ್ಬೊಬ್ಬ ಅಧ್ಯಕ್ಷರನ್ನೂ ಕೇಳಿದೆ. "ನಮ್ದೇನಿಲ್ಲ ಗುರು, ಅವ್ರು ಒಪ್ಪಲ್ಲ" ಎಂದು ಪ್ರತಿಯೊಬ್ಬರೂ ಪಕ್ಕದ ಸಂಘದ ಕಡೆ ಬೆರಳು ಮಾಡಿದರು. ಸುತ್ತಮುತ್ತಲ ಹಳ್ಳಿಗಳವರೂ ಕರೆಯುವುದು ನಿಂತಿತು. ವೀರರನ್ನು ಕೇಳಿದಷ್ಟು ಕೊಟ್ಟ ಮನುಷ್ಯನ ಬಾಗಿಲಿಗೆ ಕೊನೆಗೆ ಒಬ್ಬ ವೀರನೂ ಬರಲಿಲ್ಲ.

ನಾನು ಅವರನ್ನು ಕೊನೆಯ ಸಲ ಕಂಡದ್ದು ಅಲ್ಲಾಳಸಂದ್ರ ಕೆರೆಯ ಬೆಂಚಿನ ಮೇಲೆ. ಮೀಸೆಗೂ ಬಣ್ಣವಿರಲಿಲ್ಲ. ಪಕ್ಕದಲ್ಲಿ ಖಾದರ್ ಸಾಬರು ಕಡ್ಲೆಕಾಯಿ ಬಿಡಿಸಿ ಬಿಡಿಸಿ ಅವರ ಕೈಗೆ ಹಾಕುತ್ತಿದ್ದರು. ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಅಂದು ಕೇಳಿಯೇಬಿಟ್ಟೆ.

"ಮೇಷ್ಟ್ರೇ, ನಿಜವಾಗ್ಲೂ ಹಿಡ್ಕೊಟ್ಟೋನು ಆ ಪಟೇಲನೇ ಏನು? ಅಜ್ಜಿ ಏನ್ ಹೇಳಿದ್ರು?"

"ಒಬ್ಬ ಆಗಿದ್ರೆ ನಾನೇ ಅವನ್ ಮಖ ತೋರುಸ್ತಿದ್ನಲ್ಲಪ್ಪಾ" ಎಂದರು ಮೇಷ್ಟ್ರು. "ಅಷ್ಟೊಂದ್ ಜನುನ್ನ ಒಬ್ಬನ್ ಬಾಯಿಂದ ಇಡಿಯಾಕಾಯ್ತದಾ? ಒಂದೊಂದ್ ಕೇರಿಯೋನೂ ಪಕ್ಕದ್ ಕೇರಿ ತೋರುಸ್ದ. ಪಟೇಲ್ನೂ ತೋರುಸ್ದ, ನಮ್ ಮುತ್ತಾತ್ನೂ ತೋರುಸ್ದ, ಈ ಸಾಬ್ರ ಕಡೆಯೋನೂ ಒಬ್ಬ ತೋರುಸ್ದ. ತನ್ನೋರ್ ಎಸರು ಮಾತ್ರ ಯಾವ ನನ್ಮಗಾನೂ ಏಳ್ಲಿಲ್ಲ. ಅಷ್ಟು ಮಖಕ್ಕೆಲ್ಲ ಬಣ್ಣ ಬಳಿಯೋನು ಯಾರು? ಅದ್ಕೆ ಒಂದು ಕಂಬಳಿ ಆಕ್ದೆ."

ಖಾದರ್ ಸಾಬರು ಕಡ್ಲೆಕಾಯಿ ಸಿಪ್ಪೆ ಕೊಡವಿಕೊಂಡು, "ನಮ್ಮಜ್ಜಿನೂ ಅದೇ ಹೇಳ್ತಿದ್ಳು" ಎಂದರು.

ಬೇಸಿಗೆಯಲ್ಲಿ ಮೇಷ್ಟ್ರು ತೀರಿಕೊಂಡರು. ಸಂಜೆಯೊಳಗೆ ಎಲ್ಲ ಸಂಘಗಳ ಫ್ಲೆಕ್ಸೂ ಎದ್ದವು. ಬದುಕಿದ್ದಾಗ ಒಂದು ಲೋಟ ಟೀಗೂ ಕರೆಯದವರು ಅವರನ್ನು ಕಲಾಸಾರ್ವಭೌಮ ಎಂದು ಕರೆದರು. ಹೋದ ನವೆಂಬರಿನಲ್ಲಿ ಅವರ ನೆನಪಿಗೆಂದು ಅವರದೇ ದಂಗೆಯ ನಾಟಕವನ್ನು ಮತ್ತೆ ಆಡಿಸಿದರು. ಹೊರಗಿನಿಂದ ಬಂದ ತಂಡ, ರೆಕಾರ್ಡ್ ಮಾಡಿದ ಸಂಗೀತ. ನನ್ನ ಜಾಗದಲ್ಲಿ ನಿಜಕ್ಕೂ ಬೆಳ್ಳಗಿನ ಒಬ್ಬ ಬ್ರಿಟಿಷ್ ಅಧಿಕಾರಿ. ಮುಖ್ಯ ಅತಿಥಿ ಜಯರಾಮಣ್ಣ. ಅವನು ಮೇಷ್ಟ್ರ ಫೋಟೋಗೆ ಹಾರ ಹಾಕಿ ಕಣ್ಣೊರೆಸಿಕೊಂಡ. ಆಮೇಲೆ ಮೇಷ್ಟ್ರ ಒಡನಾಡಿ ಎಂದು ಖಾದರ್ ಸಾಬರನ್ನು ವೇದಿಕೆಗೆ ಕರೆದು, ಜರಿಯಂಚಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಮುಂದಿನ ಸಾಲಿನಲ್ಲಿ ಕೂರಿಸಿದರು. ಅವರ ಪಕ್ಕದಲ್ಲಿ ಮಗಳು, ಅವಳ ಶಾಲೆಯ ಮಕ್ಕಳು.

ಹಿಡಿದುಕೊಡುವ ದೃಶ್ಯ ಬಂತು. ಕಂಬಳಿ ಇರಲಿಲ್ಲ. ಬಿಳಿ ಟೋಪಿ ಹಾಕಿದವನೊಬ್ಬ ಬಂದು, ಎಲ್ಲರಿಗೂ ಕೇಳುವಂತೆ, ಮೈಕಿನಲ್ಲಿ, ಹೆಸರುಗಳನ್ನು ಹೇಳಿದ. ಮಕ್ಕಳು ಛೀ ಎಂದು ಕೂಗಿದರು. ಆಮೇಲೆ ಒಬ್ಬೊಬ್ಬರಾಗಿ ತಿರುಗಿ ತಮ್ಮ ಟೀಚರ್ ಕಡೆ ನೋಡಿದರು.

ನಾಟಕ ಮುಗಿದ ಮೇಲೆ ಖಾದರ್ ಸಾಬರು ವೇದಿಕೆಯ ಹಿಂದಕ್ಕೆ ಹೋದರು, ನಾನೂ ಹೋದೆ. ಟೋಪಿ ಹಾಕಿಸಿದ್ದು ಯಾರೆಂದು ಅವರು ಮೆಲ್ಲಗೆ ಕೇಳಿದರು. "ನಂಗೇನ್ ಗೊತ್ತು ಸಾಬ್ರೇ, ನಾನ್ ಗೆಸ್ಟು. ಕಮಿಟಿಯೋರ್ನ ಕೇಳಿ" ಎಂದ ಜಯರಾಮಣ್ಣ. "ನಾವಲ್ಲ, ತಂಡದೋರು" ಎಂದರು ಕಮಿಟಿಯವರು. "ನಾವಲ್ಲ, ಡ್ರೆಸ್‌ನೋನು" ಎಂದರು ತಂಡದವರು. "ಅಯ್ಯೋ, ಆ ಟೋಪಿ ನಂದೇ ಅಲ್ಲ, ಯಾರೋ ಇಟ್ಟೋಗವ್ರೆ" ಎಂದ ಡ್ರೆಸ್ಸಿನವನು.

ಖಾದರ್ ಸಾಬರು ಎಲ್ಲರ ಮಾತನ್ನೂ ತಲೆಯಾಡಿಸಿ ಕೇಳಿಸಿಕೊಂಡರು. ತೆರೆದ ಟ್ರಂಕಿನಲ್ಲಿ ಕಿರೀಟಗಳ ಮೇಲೆ ಆ ಟೋಪಿ ಬಿದ್ದಿತ್ತು. ಅದನ್ನೆತ್ತಿ, ಧೂಳು ಕೊಡವಿ, ಮಡಚಿದರು.

"ಯಾರ್ದೂ ಅಲ್ಲ ಅಂದ್ರಲ್ಲ, ಹಂಗಾದ್ರೆ ನಂದೇ ಇರ್ಬೇಕು" ಎಂದು ಅದನ್ನು ಜೇಬಿಗಿಟ್ಟುಕೊಂಡರು. ಆಮೇಲೆ ಹೆಗಲ ಮೇಲಿನ ಜರಿ ಶಾಲನ್ನು ತೆಗೆದು, ಅದನ್ನೂ ಅಷ್ಟೇ ನೀಟಾಗಿ ಮಡಚಿ, ಟೋಪಿ ಇದ್ದ ಜಾಗದಲ್ಲಿ ಇಟ್ಟು ಮಗಳನ್ನು ಕರೆದುಕೊಂಡು ಹೊರಟರು.